ಹಗ್ಗದ ಯಜಮಾನ

ಮೈದಾನದ ಗೇಟಿಗೆ ಒಂದು ಹಲಗೆ ತೂಗುಹಾಕಿದ್ದರು. ‘ಆಡುವುದು ಮಕ್ಕಳ ಕೆಲಸ. ಕಲಿಸುವುದು ಕೋಚ್ ಕೆಲಸ. ತೀರ್ಪು ಹೇಳುವುದು ರೆಫರಿ ಕೆಲಸ. ಚಪ್ಪಾಳೆ ತಟ್ಟುವುದು ನಿಮ್ಮ ಕೆಲಸ.’ ಅಪ್ಪ ಅಮ್ಮಂದಿರು ಇದನ್ನು ಓದಿಯೇ ಒಳಗೆ ಹೋಗುತ್ತಿದ್ದರು. ಚೆಂಡು ಉರುಳಲು ಶುರುವಾದ ಮೇಲೆ ಹಲಗೆಯೂ ಇಲ್ಲ, ಅದರ ನೆನಪೂ ಇಲ್ಲ. ಸೈರನ್‌ಗಂತೂ ಆ ಹಲಗೆ ತನ್ನಂಥವರಿಗಾಗಿಯೇ ಬರೆಸಿದ್ದು ಎಂಬ ಅನುಮಾನ ಒಂದು ದಿನವೂ ಸುಳಿದಿರಲಿಲ್ಲ.

ಸೈರನ್ ಎಂದರೆ ಯಾರು? ಹನ್ನೆರಡು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಇದ್ದಾಳಲ್ಲ, ಅವಳ ಅಪ್ಪ. ಆ ಹೆಸರು ಇಟ್ಟವರು ಇಂಥವರೇ ಎಂದು ಹೇಳುವಂತಿಲ್ಲ. ಅವನು ಮೈದಾನದ ಸುತ್ತ ಕಟ್ಟಿದ ಹಗ್ಗದ ಪಕ್ಕ ನಿಂತು ಮೊದಲ ಸಲ ಬಾಯಿ ಬಿಟ್ಟ ದಿನ ಅದು ತಾನಾಗಿ ಬಂದು ಅಂಟಿಕೊಂಡಿತ್ತು. ಅವನದೂ ತಪ್ಪಿಲ್ಲ ಬಿಡಿ. ಬಟ್ಟೆ ಮಿಲ್ಲಿನ ಮಗ್ಗದ ಸಾಲಿನಲ್ಲಿ ಅರ್ಧ ಆಯಸ್ಸು ಕಳೆದವನು. ಮಗ್ಗಗಳೆಲ್ಲ ಒಟ್ಟಿಗೆ ಬಡಿಯುವಾಗ ಪಕ್ಕದವನಿಗೆ ‘ನೂಲು ಕಡಿದಿದೆ ನೋಡೋ’ ಎಂದು ಹೇಳಬೇಕಾದರೆ ಹೊಕ್ಕುಳಿನಿಂದ ದನಿ ಎತ್ತಬೇಕು. ಕೂಗಿ ಕೂಗಿ ಅವನ ಗಂಟಲಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಅವನು ಹೆಂಡತಿಗೆ ಗುಟ್ಟು ಹೇಳಿದರೆ ಮೂರನೆಯ ಮನೆಯವರು ‘ಹೌದಾ?’ ಎನ್ನುತ್ತಿದ್ದರು.

ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಡಬ್ಬಿ. ಮೊದಲು ಅದರಲ್ಲಿ ತಲೆನೋವಿನ ಮುಲಾಮು ಇತ್ತು, ಈಗ ಹತ್ತಿ. ಕಿವಿಗೆ ಇಟ್ಟುಕೊಳ್ಳಲು ಮಿಲ್ಲಿನವರು ರಬ್ಬರಿನ ಬಿರಡೆ ಕೊಟ್ಟಿದ್ದರು. ಅದು ತುರಿಸುತ್ತದೆ ಎಂದು ಹಳಬರು ಯಾರೂ ಹಾಕುತ್ತಿರಲಿಲ್ಲ. ಹತ್ತಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹೊಸೆದು, ಒಂದು ಹನಿ ಎಣ್ಣೆ ಮುಟ್ಟಿಸಿ, ಕಡಲೆಕಾಳಿನಷ್ಟು ಉಂಡೆ ಮಾಡಿ, ಕೊನೆಗೆ ಒಂದು ಚೂರು ಬಾಲ ಬಿಡುವುದು ಅವರ ಪದ್ಧತಿ. ಮಿಲ್ಲಿನವರು ಒಮ್ಮೆ ಮನೆಮಂದಿಯನ್ನೆಲ್ಲ ಒಳಗೆ ಕರೆದು ತೋರಿಸಿದಾಗ ಮಗಳೂ ಬಂದಿದ್ದಳು. ಮಗ್ಗದ ಸದ್ದಿಗೆ ಹೆದರಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡವಳನ್ನು ಕೂರಿಸಿಕೊಂಡು, “ಬಾಲ ಬಿಡೋದು ಮರೀಬಾರದು ಪುಟ್ಟಿ, ಇಲ್ಲಾಂದ್ರೆ ಒಳಗೇ ಕೂತುಬಿಡುತ್ತೆ,” ಎಂದು ತಾನೇ ಅವಳ ಕಿವಿಗೆ ಇಟ್ಟಿದ್ದ. ಅವಳು ಕಣ್ಣರಳಿಸಿ ನಕ್ಕಿದ್ದಳು. ಆ ನಗು ಅವನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

ಏಕೆಂದರೆ ಆಮೇಲೆ ಮಗಳ ಮುಖ ನೋಡಲು ಸಿಗುತ್ತಿದ್ದುದೇ ಕಡಿಮೆ. ಪಾಳಿಯ ಕೆಲಸ. ಅವನು ಎದ್ದಾಗ ಅವಳು ಮಲಗಿರುತ್ತಾಳೆ, ಅವನು ಬಂದಾಗ ಶಾಲೆಗೆ ಹೋಗಿರುತ್ತಾಳೆ. ಉಳಿದದ್ದು ಶನಿವಾರ. ಶನಿವಾರ ಬೆಳಿಗ್ಗೆ ಆ ಹಗ್ಗದ ಪಕ್ಕ ನಿಂತಾಗ ಮಾತ್ರ ತಾನೊಬ್ಬ ಅಪ್ಪ ಎಂದು ಅವನಿಗೆ ಅನ್ನಿಸುತ್ತಿತ್ತು. ಅದಕ್ಕೇ ವಾರವಿಡೀ ಕೂಡಿಟ್ಟ ಅಪ್ಪತನವನ್ನೆಲ್ಲ ಅವನು ಅಲ್ಲಿ ಒಂದೇ ಉಸಿರಿಗೆ ಸುರಿಯುತ್ತಿದ್ದ. “ಮುಂದೆ ಬಾ ಪುಟ್ಟಿ! ಹಿಂದೆ ಹೋಗು! ಎಡಕ್ಕೆ, ಎಡಕ್ಕೆ! ಅಯ್ಯೋ, ಆ ಎಡ ಅಲ್ಲ ಕಣೇ!”

ಹೋದ ಶನಿವಾರ ಮಾತ್ರ ಸ್ವಲ್ಪ ಹೆಚ್ಚೇ ಆಯಿತು. ರೆಫರಿ ಕಾಲೇಜಿಗೆ ಹೋಗುವ ಹುಡುಗಿ, ಸೀಟಿ ಹಿಡಿದು ಇನ್ನೂ ಅಭ್ಯಾಸವಿಲ್ಲದವಳು. ಅವಳು ಒಂದು ಗೋಲನ್ನು ಸರಿಯೆಂದು ಕೊಟ್ಟದ್ದೇ ತಡ, “ಏನಮ್ಮಾ ತಾಯಿ, ಕಣ್ಣು ಮನೇಲಿಟ್ಟು ಬಂದ್ಯಾ? ಸೀಟಿ ಕೊಡು ಇಲ್ಲಿ, ನಾನೇ ಊದ್ತೀನಿ!” ಎಂದು ಕೂಗಿದ. ಸುತ್ತಲಿದ್ದವರು ನಕ್ಕರು. ಆಟ ಮುಗಿದ ಮೇಲೆ ಆ ಹುಡುಗಿ ಸಾಮಾನಿನ ಕೋಣೆಯ ಹಿಂದೆ ನಿಂತು ಬಿಕ್ಕುತ್ತಿದ್ದುದು ಕೋಚಕ್ಕನ ಕಣ್ಣಿಗೆ ಬಿತ್ತು.

ಕೋಚಕ್ಕ ವಾರದ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುವವಳು. ಅರವತ್ತು ಮಕ್ಕಳನ್ನು ಒಂದು ಕನ್ನಡಿಯಲ್ಲಿ ನೋಡಿ ತೆಪ್ಪಗೆ ಕೂರಿಸುವ ಹೆಂಗಸಿಗೆ ಒಬ್ಬ ಸೈರನ್ ಯಾವ ಲೆಕ್ಕ? ನೆಟ್ಟಗೆ ಬಂದು ಅವನ ಮುಂದೆ ನಿಂತಳು.

“ಮುಂದಿನ ವಾರ ಜಾಕೀಟು ನಿಮಗೆ.”

ಆ ಕ್ಲಬ್ಬಿನ ಕಟ್ಟಳೆಯೇ ಅದು. ಒಂದು ವಾರ ಯಾರು ಹದ್ದು ಮೀರುತ್ತಾರೋ ಮುಂದಿನ ವಾರ ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಅವರೇ ಹಗ್ಗ ಕಾಯಬೇಕು. ಉಳಿದ ಅಪ್ಪ ಅಮ್ಮಂದಿರು ಗಲಾಟೆ ಮಾಡಿದರೆ ಮುಂದೆ ಹೋಗಿ ನಿಂತು ತುಟಿಯ ಮೇಲೆ ಬೆರಳಿಡಬೇಕು. ಅಷ್ಟೇ. ತಾವು ಮಾತ್ರ ತುಟಿ ಪಿಟಕ್ಕೆನ್ನುವಂತಿಲ್ಲ. ಜಾಕೀಟು ಹಾಕಿಕೊಂಡು ಬಾಯಿ ಬಿಟ್ಟರೆ ಆ ಸೀಸನ್ ಮುಗಿಯುವವರೆಗೂ ಗೇಟಿನ ಆಚೆ. ಮಕ್ಕಳು ಆ ಹುದ್ದೆಗೆ ‘ಹಗ್ಗದ ಯಜಮಾನ’ ಎಂದು ಹೆಸರಿಟ್ಟು ಕಿಸಿಕಿಸಿ ನಗುತ್ತಿದ್ದರು.

ಮನೆಯಲ್ಲಿ ಸುದ್ದಿ ಕೇಳಿ ಹೆಂಡತಿ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನಕ್ಕಳು. “ನಿಮ್ಮನ್ನಾ? ಹಗ್ಗ ಕಾಯೋಕಾ? ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗಾಯ್ತು.” ಅವಳು ಆಟ ನೋಡಲು ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ನಿಮ್ಮ ಪಕ್ಕ ನಿಂತ್ಕೊಂಡ್ರೆ ನನ್ನ ಮಾನ ಹೋಗುತ್ತೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು.

ಮಗಳು ನಗಲಿಲ್ಲ. “ಅಪ್ಪ, ನಿಜವಾಗ್ಲೂ ಒಂದು ಮಾತೂ ಆಡಲ್ವಾ?”

“ಒಂದೂ ಇಲ್ಲ. ಬಾಯಿಗೆ ಬೀಗ.”

ಅವಳು “ಹ್ಞೂಂ” ಎಂದು ಹೇಳಿ ಬೂಟಿನ ಮಣ್ಣು ಕೆರೆಯಲು ಹೋದಳು. ಆ ಹ್ಞೂಂನಲ್ಲಿ ನಂಬಿಕೆ ಸಾಸಿವೆಯಷ್ಟೂ ಇರಲಿಲ್ಲ. ಅವನಿಗೆ ಅದು ಗೊತ್ತಾಗಲಿಲ್ಲ ಅಷ್ಟೇ.

ಶನಿವಾರ ಬಂತು. ಸೀಸನ್ನಿನ ಮೊದಲ ಕಪ್ಪಿನಲ್ಲಿ ಗೆದ್ದರೆ ಫೈನಲ್, ಸೋತರೆ ಮನೆ ಎನ್ನುವಂಥ ಆಟ. ಗೇಟು ಕಾಯುವ ತಾತ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಾ ಸೈರನ್‌ನ ಜಾಕೀಟು ನೋಡಿ, “ಓಹೋ, ಇವತ್ತು ನನ್ನ ಕಿವಿಗೆ ರಜಾ,” ಎಂದ. ಸೈರನ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಗಂಭೀರವಾಗಿ ಒಳಗೆ ನಡೆದ.

ಮಗಳು ಆಗಲೇ ಗೋಲಿನ ಮುಂದೆ ಗ್ಲೌಸ್ ಬಿಗಿದುಕೊಂಡು ನಿಂತಿದ್ದಳು. ತಂಡದವರು ಅವಳನ್ನು ಗೋಡೆ ಎಂದು ಕರೆಯುತ್ತಿದ್ದರು. ಚೆಂಡು ತಗುಲಿ ವಾಪಸು ಬರುತ್ತದೆಯೇ ಹೊರತು ದಾಟುವುದಿಲ್ಲ, ಅದಕ್ಕೆ. ಹಣೆಗೂ ಕಿವಿಗೂ ಸೇರಿಸಿ ಅಗಲವಾದ ನೀಲಿ ಪಟ್ಟಿ ಕಟ್ಟಿದ್ದಳು. ಈ ಸೀಸನ್ನಿನಲ್ಲಿ ಶುರುವಾದ ಶೋಕಿ. ಕಟ್ಟಿಕೊಳ್ಳಲಿ ಬಿಡು, ವಯಸ್ಸು ಎಂದು ಅವನು ಅಂದುಕೊಂಡಿದ್ದ.

ಸೀಟಿ ಕೇಳಿಸಿತು. ಅದೇ ರೆಫರಿ ಹುಡುಗಿ. ಅವಳು ಒಮ್ಮೆ ಕಿತ್ತಳೆ ಜಾಕೀಟಿನತ್ತ ನೋಡಿದಳು. ಸೈರನ್ ನಾಚಿ ತಲೆ ತಗ್ಗಿಸಿದ.

ಮೊದಮೊದಲು ಅವನ ಪಾಡು ನಾಯಿಪಾಡು. ಚೆಂಡು ಇತ್ತ ಬಂದರೆ ಗಂಟಲಿನವರೆಗೆ ‘ಹೊಡಿ’ ಬಂದು ನಿಲ್ಲುತ್ತಿತ್ತು, ಅತ್ತ ಹೋದರೆ ‘ಬಿಡಬೇಡ’. ಜಾಕೀಟಿನ ದಾರವನ್ನು ಬಾಯಿಗಿಟ್ಟು ಕಚ್ಚಿದ. ಬ್ಯಾಂಕಿನ ಕ್ಯಾಷಿಯರಮ್ಮ, ಅಂದರೆ ಗೋಲಿನ ಮುಂದೆಯೇ ನಿಂತು ಆಡುವ ಕಡ್ಡಿ ಎಂಬ ಸಣಕಲು ಹುಡುಗಿಯ ತಾಯಿ, “ಅವಳ ಕಾಲಿಗೆ ಹೊಡಿ, ಬೀಳ್ಸು!” ಎಂದು ಕೂಗಿದಾಗ ಇವನೇ ಹೋಗಿ ತುಟಿಗೆ ಬೆರಳಿಟ್ಟ. ಆಕೆ ಕಣ್ಣು ಕಣ್ಣು ಬಿಟ್ಟಳು. “ಅಯ್ಯಯ್ಯೋ, ನೀವಾ ನನಗೆ ಹೇಳೋದು? ಕಲಿಗಾಲ ಕಣ್ರೀ!” ಇವನಿಗೂ ಒಳಗೊಳಗೇ ನಗು. ಸುಮ್ಮನಿರುವುದರಲ್ಲೂ ಒಂದು ಗತ್ತು ಇದೆ ಎಂದು ಅವನಿಗೆ ಆಗ ತಿಳಿಯಿತು.

ತನ್ನ ಬಾಯಿ ಮುಚ್ಚಿದಾಗಲೇ ಅವನ ಕಿವಿ ತೆರೆದದ್ದು. ಎಂದೂ ಕೇಳದ ಸದ್ದುಗಳೆಲ್ಲ ಒಂದೊಂದಾಗಿ ಬಂದವು. ಬೂಟು ಹುಲ್ಲನ್ನು ತಿಕ್ಕುವ ಸದ್ದು. ಚೆಂಡು ಎದೆಗೆ ಬಡಿದಾಗ ಹುಡುಗಿಯೊಬ್ಬಳು ‘ಹುಫ್’ ಎಂದದ್ದು. ಎಲ್ಲಕ್ಕಿಂತ ಹೆಚ್ಚಾಗಿ ಆ ಮಕ್ಕಳ ಮಾತು. ಅಬ್ಬಬ್ಬಾ, ಅದೆಷ್ಟು ಮಾತಾಡುತ್ತಿದ್ದವು! “ನಿನ್ನ ಹಿಂದೆ ಇದ್ದಾಳೆ!” “ನನಗೆ ಕೊಡು!” “ನಾನು ನೋಡ್ಕೋತೀನಿ, ನೀನು ಹೋಗು!” ಆಟ ಪೂರ್ತಿ ಕಾಲಿನಲ್ಲಿದೆ ಎಂದು ಇಷ್ಟು ದಿನ ನಂಬಿದ್ದವನಿಗೆ ಅರ್ಧ ಆಟ ನಾಲಿಗೆಯಲ್ಲಿದೆ ಎಂದು ಕಂಡು ಬೆರಗಾಯಿತು.

ಆ ಮಾತುಗಳಲ್ಲಿ ಒಬ್ಬಳದು ಮಾತ್ರ ಇರಲಿಲ್ಲ.

“ಗೋಡೆ, ಬಿಡ್ಲಾ, ತಗೋತೀಯಾ?” ಕಡ್ಡಿ ಕೇಳಿದಳು. ಗೋಡೆ ಉತ್ತರಿಸಲಿಲ್ಲ. ಕಡ್ಡಿ ಹಿಂತಿರುಗಿ ನೋಡಿ, ಬೇಸರದಿಂದ ಚೆಂಡನ್ನು ತಾನೇ ಆಚೆಗೆ ಒದ್ದಳು. ಆಚೆ ಬದಿಯಿಂದ ಕೋಚಕ್ಕ, “ಗೋಡೆ, ಸ್ವಲ್ಪ ಮುಂದೆ ಬಾ,” ಎಂದಳು. ಗೋಡೆ ಅಲುಗಲಿಲ್ಲ. ಕೋಚಕ್ಕ ಕೈ ಬೀಸಿದ ಮೇಲೆ ಬಂದಳು. ರೆಫರಿ ಸೀಟಿ ಊದಿದಾಗ ಎಲ್ಲರೂ ಗಕ್ಕನೆ ನಿಂತರು. ಗೋಡೆ ಮಾತ್ರ ಎರಡು ಹೆಜ್ಜೆ ಹೆಚ್ಚು ಓಡಿ, ಉಳಿದವರು ನಿಂತದ್ದನ್ನು ನೋಡಿ, ಆಮೇಲೆ ನಿಂತಳು.

ಹಗ್ಗದ ಈಚೆ ಯಾರೋ ಕಿಸಕ್ಕೆಂದರು. “ಗೋಡೆಗೂ ಕಿವಿ ಇರುತ್ತೆ ಅಂತಾರೆ. ಈ ಗೋಡೆಗೆ ಇಲ್ಲ ನೋಡಿ.”

ಸೈರನ್ ಥಟ್ಟನೆ ಮಗಳ ಕಡೆ ತಿರುಗಿದ.

ಮಿಲ್ಲಿನಲ್ಲಿ ಅವನಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ನೆನಪಾದ. ಅವನ ಕಿವಿ ಹೋದದ್ದು ಯಾರಿಗೂ ಬಹಳ ಕಾಲ ಗೊತ್ತಾಗಿರಲಿಲ್ಲ. ಹೀಗೇ, ಇದೇ ಥರ, ಉಳಿದವರು ನಿಂತರೆ ನಿಲ್ಲುತ್ತಿದ್ದ, ಉಳಿದವರು ನಕ್ಕರೆ ನಗುತ್ತಿದ್ದ. ಗೊತ್ತಾದ ದಿನ ಆ ಮುದುಕ ಮಗ್ಗದ ಮೇಲೆ ತಲೆಯಿಟ್ಟು ಅತ್ತಿದ್ದ. ಅಯ್ಯೋ ದೇವರೇ, ನನ್ನ ಮಗಳಿಗೆ! ಹನ್ನೊಂದು ವರ್ಷದ ಕೂಸಿಗೆ!

ಮನೆಯಲ್ಲಿ ಮಾತಾಡಿಸಿದರೆ ಮಾತಾಡುತ್ತಾಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮರುಗಳಿಗೆಗೇ ತನ್ನನ್ನೇ ಕೇಳಿಕೊಂಡ. ಯಾರು ಮಾತಾಡಿಸಿದರೆ? ನಾನು. ನನ್ನ ದನಿಗೆ ಕಿವುಡರೂ ಉತ್ತರ ಕೊಡುತ್ತಾರೆ. ಮನೆಯೊಳಗೇ ಮಗಳ ಕಿವಿ ಹೋಗುತ್ತಾ ಬಂದರೂ ನನ್ನ ಗಂಟಲು ಅದನ್ನು ನನಗೇ ತಿಳಿಯಗೊಡಲಿಲ್ಲವಲ್ಲ. ಇನ್ನೂ ಒಂದು ಯೋಚನೆ ಬಂತು, ಅದು ಮೊದಲಿನದಕ್ಕಿಂತ ಕೆಟ್ಟದ್ದು: ಆ ಕಿವಿ ಹೋದದ್ದೇ ಈ ಗಂಟಲಿನಿಂದಲೋ ಏನೋ.

ಕೋಚಕ್ಕನಿಗೆ ಹೇಳಬೇಕು. ಅವಳು ಮೈದಾನದ ಆಚೆ ಬದಿಯಲ್ಲಿದ್ದಳು. ಕೂಗುವಂತಿಲ್ಲ, ಹಗ್ಗ ದಾಟುವಂತಿಲ್ಲ. ಹಗ್ಗದ ಪಕ್ಕದಲ್ಲೇ ಸುತ್ತು ಹಾಕಿ ಹೋಗಲು ದಡದಡ ನಡೆದ. ಕ್ಯಾಷಿಯರಮ್ಮ, “ಏನಾಯ್ತ್ರೀ? ಯಾಕೆ ಮುಖ ಹೀಗೆ ಬಿಳಿಚ್ಕೊಂಡಿದೆ?” ಎಂದಳು. ಅವನು ಬೆರಳನ್ನು ತುಟಿಯ ಮೇಲಿಟ್ಟ. ಅಭ್ಯಾಸಕ್ಕೆ.

ಗೋಲಿನ ಹತ್ತಿರ ಬರುವಷ್ಟರಲ್ಲಿ ಎದುರಾಳಿ ಹುಡುಗಿಯೊಬ್ಬಳು ಚೆಂಡನ್ನು ಎತ್ತರಕ್ಕೆ ಒದ್ದಳು. ಚೆಂಡು ಮೇಲೇರಿ ಗೋಲಿನ ಕಡೆಗೆ ಇಳಿಯತೊಡಗಿತು. ಕಡ್ಡಿ ಆಕಾಶ ನೋಡುತ್ತಾ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಳು. “ಬಿಡು, ನಂದು! ಗೋಡೆ, ಬಿಡು, ನಂದು!” ಗೋಡೆ ಅವಳ ಬೆನ್ನ ಹಿಂದಿನಿಂದ ಎರಡೂ ಮುಷ್ಟಿ ಬಿಗಿದು, ಕಣ್ಣು ಚೆಂಡಿನ ಮೇಲಿಟ್ಟು ನುಗ್ಗಿ ಬರುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ. ಮುಂದೆ ಆಗುವುದು ಸೈರನ್‌ಗೆ ಆಗಲೇ ಕಂಡಿತು.

ಕೂಗಿದ. ಜಾಕೀಟೂ ಇಲ್ಲ, ಕಟ್ಟಳೆಯೂ ಇಲ್ಲ, ಹುಟ್ಟಿದಾಗಿನಿಂದ ಗಂಟಲಲ್ಲಿದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದ.

“ಪುಟ್ಟೀ, ನಿಲ್ಲೇ!”

ಇಡೀ ಮೈದಾನ ನಿಂತಿತು. ರೆಫರಿ ಹುಡುಗಿ ಸೀಟಿ ಬಾಯಲ್ಲಿಟ್ಟುಕೊಂಡೇ ಕಲ್ಲಾದಳು. ಎದುರಾಳಿಗಳು ನಿಂತರು, ಕೋಚಕ್ಕ ನಿಂತಳು, ಕಡ್ಡಿಯೂ ಬೆಚ್ಚಿ ಗಕ್ಕನೆ ನಿಂತು ಹಿಂದಕ್ಕೆ ತಿರುಗಿದಳು. ನಿಲ್ಲದವಳು ಒಬ್ಬಳೇ. ಯಾರನ್ನು ಕೂಗಿದನೋ ಅವಳೇ. ಗೋಡೆ ಅದೇ ವೇಗದಲ್ಲಿ ಬಂದು, ತಿರುಗಿ ನಿಂತಿದ್ದ ಕಡ್ಡಿಯ ಮುಖಕ್ಕೆ ಮುಷ್ಟಿ ಸಮೇತ ಅಪ್ಪಳಿಸಿದಳು.

ಕೂಗದೇ ಇದ್ದಿದ್ದರೆ ಕಡ್ಡಿಗೆ ಬೆನ್ನಿಗೆ ಒಂದು ಪೆಟ್ಟು ಬೀಳುತ್ತಿತ್ತು, ಅಷ್ಟೇ. ಇವನು ಕೂಗಿದ್ದಕ್ಕೆ ಅವಳು ಮುಖ ತಿರುಗಿಸಿದ್ದಳು. ಸೈರನ್‌ಗೆ ಅದು ಅಲ್ಲೇ ಹೊಳೆಯಿತು.

ಕಡ್ಡಿಯ ಮೂಗಿನಿಂದ ರಕ್ತ ದಳದಳ ಇಳಿಯತೊಡಗಿತು. ಕ್ಯಾಷಿಯರಮ್ಮ ಹಗ್ಗ ಹಾರಿ ಓಡಿದಳು. ಸೈರನ್ ಕೂಡ ಓಡಿದ. ಹಗ್ಗದ ಯಜಮಾನನೇ ಹಗ್ಗ ಹಾರಿದ ಮೇಲೆ ತಡೆಯುವವರು ಯಾರು? ಕೋಚಕ್ಕ ಕಡ್ಡಿಯನ್ನು ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಮೂಗು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಔಷಧಿ ಡಬ್ಬಿ ತಡಕಾಡಿದಳು. “ಹತ್ತಿ ಎಲ್ಲಿ? ಹತ್ತಿ ಇಟ್ಟಿದ್ನಲ್ಲ! ಯಾರು ತೆಗೆದ್ರು? ಹತ್ತಿ ಕೊಡ್ರೋ ಯಾರಾದ್ರೂ!”

ಗೋಡೆ ಎದುರಿಗೇ ನಿಂತಿದ್ದಳು. ಗೆಳತಿಯ ರಕ್ತ ನೋಡಿ ಅವಳಿಗೆ ಏನು ಮಾಡಬೇಕೆಂದೇ ತೋಚಿರಲಿಲ್ಲ. ಕೋಚಕ್ಕನ ತುಟಿಯನ್ನೂ ಖಾಲಿ ಡಬ್ಬಿಯನ್ನೂ ನೋಡಿದಳು. ಮರುಕ್ಷಣ ಗ್ಲೌಸ್ ಕಿತ್ತೆಸೆದು, ನೀಲಿ ಪಟ್ಟಿಯೊಳಗೆ ಬೆರಳು ತೂರಿಸಿ, ಬಲಕಿವಿಯಿಂದ ಏನನ್ನೋ ಎಳೆದು ತೆಗೆದು ಕೈ ಚಾಚಿದಳು.

“ಅಕ್ಕಾ, ತಗೊಳ್ಳಿ, ಹತ್ತಿ.”

ಕೋಚಕ್ಕ ತೆಗೆದುಕೊಳ್ಳಲು ಕೈ ನೀಡಿದವಳು ಹಾಗೇ ನಿಂತಳು. “ಥೂ, ಏನೇ ಇದು? ಕಿವೀದಾ?”

ಅಂಗೈ ಮೇಲೆ ಒಂದು ಉಂಡೆ. ಕಡಲೆಕಾಳಿನಷ್ಟು. ಎಣ್ಣೆ ಕುಡಿದು ಹಳದಿಯಾದದ್ದು. ಕೊನೆಗೆ ಒಂದು ಚೂರು ಬಾಲ.

ಸೈರನ್ ಆ ಉಂಡೆಯನ್ನು ನೋಡಿದ. ಜಗತ್ತಿನಲ್ಲಿ ಯಾರು ಹತ್ತಿ ಹೊಸೆದರೂ ಅವನಿಗೆ ಗೊತ್ತಾಗದೆ ಇರಬಹುದು, ಆ ಬಾಲ ಗೊತ್ತಾಗದೆ ಇರುತ್ತದೆಯೇ? ಅವನ ಕೈ ತಾನಾಗಿ ಜೇಬಿನ ಡಬ್ಬಿಗೆ ಹೋಯಿತು. ಇತ್ತೀಚೆಗೆ ಹತ್ತಿ ಬೇಗ ಬೇಗ ಖಾಲಿಯಾಗುತ್ತಿದೆಯಲ್ಲ ಎಂದು ಅವನು ಮಿಲ್ಲಿನ ಗೆಳೆಯರ ಮೇಲೆ ಗುಮಾನಿ ಪಟ್ಟಿದ್ದ. ಡಬ್ಬಿ ತೆಗೆದು ಕೋಚಕ್ಕನ ಕೈಗಿಟ್ಟ. ಅವಳು ಮುಚ್ಚಳ ತೆರೆದು ಶುದ್ಧವಾದ ಹತ್ತಿ ಕಿತ್ತು ಕಡ್ಡಿಯ ಮೂಗಿಗೆ ಒತ್ತಿದಳು. ಆಮೇಲೆ ಡಬ್ಬಿಯನ್ನೂ ಉಂಡೆಯನ್ನೂ ಅಪ್ಪನನ್ನೂ ಮಗಳನ್ನೂ ಒಂದೊಂದಾಗಿ ನೋಡಿದಳು. ಬಸ್ಸಿನ ಕನ್ನಡಿಯಲ್ಲಿ ನೋಡುವ ಹಾಗೆಯೇ ನೋಡಿದಳು.

ಕಿವುಡಲ್ಲ. ಮಗಳು ಕಿವುಡಿ ಅಲ್ಲ! ಸೈರನ್‌ಗೆ ಕುಣಿದುಬಿಡಬೇಕು ಎನ್ನುವಷ್ಟು ಸಂತೋಷವಾಯಿತು. ಆ ಸಂತೋಷ ಪೂರ್ತಿ ಮೇಲೆ ಬರುವ ಮೊದಲೇ ಇನ್ನೊಂದು ಬಂದು ಅದರ ಕತ್ತು ಹಿಸುಕಿತು.

“ಯಾಕೆ ಪುಟ್ಟಿ?” ಎಂದ. ಕೇಳುವಾಗಲೇ ಉತ್ತರ ಗೊತ್ತಿತ್ತು.

ಅವಳು ನೆಲ ನೋಡಿದಳು. “ನೀನೇ ಹೇಳಿದ್ಯಲ್ಲಪ್ಪ. ಸದ್ದಿರೋ ಕಡೆ ಕೆಲಸ ಮಾಡುವಾಗ ಹತ್ತಿ ಇಟ್ಕೋಬೇಕು, ಇಲ್ಲಾಂದ್ರೆ ಕೈ ತಪ್ಪುತ್ತೆ ಅಂತ.”

“ಈಗ... ಈಗ ನಾನು ಕೂಗಿದ್ದು ಕೇಳಿಸ್ಲೇ ಇಲ್ವಾ?”

“ಕೇಳಿಸ್ತು. ಗುಂಯ್ ಅಂತ ಏನೋ.” ಅವಳು ತಲೆ ಎತ್ತಿದಳು. ಅವಳಿಗೆ ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ; ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. “ಅದು ಯಾವಾಗ್ಲೂ ಇರುತ್ತಲ್ಲಪ್ಪ. ಮಗ್ಗದ ಥರ. ಅದಕ್ಕೆ ನಿಲ್ಲಲಿಲ್ಲ.”

ಅವಳು ಕೆನ್ನೆಗೆ ಹೊಡೆದಿದ್ದರೆ ಸೈರನ್ ಒರೆಸಿಕೊಂಡು ಸುಧಾರಿಸಿಕೊಳ್ಳುತ್ತಿದ್ದ. ಇಷ್ಟು ಶನಿವಾರ ತಾನು ಮಗಳ ಜೊತೆ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದ. ಅವಳ ಪಾಲಿಗೆ ಅವನು ಒಂದು ಮಗ್ಗ. ಬಡಿಯುತ್ತಲೇ ಇರುವ, ಯಾರೂ ಕಿವಿಗೊಡದ ಮಗ್ಗ.

ಕಡ್ಡಿ ಮೂಗಿಗೆ ಹತ್ತಿ ತುರುಕಿಕೊಂಡು ಎದ್ದು ಕೂತಳು. “ನಾನು ಅಷ್ಟೊಂದು ಸಲ ಕರೀತಿದ್ದೆ. ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ ಕಣೇ,” ಎಂದು ಗೋಡೆಗೆ ಹೇಳಿದಳು. ದನಿ ಮೂಗಿನಲ್ಲಿ ಸಿಕ್ಕಿಕೊಂಡಿತ್ತು. ಗೋಡೆ ಅವಳ ಪಕ್ಕ ಕುಸಿದು ಕೂತು ಅಳಲು ಶುರು ಮಾಡಿದಳು.

ರೆಫರಿ ಹುಡುಗಿ ಹತ್ತಿರ ಬಂದಳು. “ಆಟ ಮುಂದುವರಿಸ್ಬಹುದಾ?” ಕಡ್ಡಿ ಹೂಂ ಎಂದಳು, ಕೋಚಕ್ಕ ಬೇಡ, ನೀನು ಸ್ವಲ್ಪ ಹೊತ್ತು ಕೂತ್ಕೋ ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮೆತ್ತಗೆ ಹೇಳಿದಳು:

“ಇನ್ನೊಂದು ಕಿವೀದೂ ತೆಗಿಯಮ್ಮ. ಹತ್ತಿ ಇಟ್ಕೊಂಡು ಗೋಲ್ ಕಾಯೋಕೆ ನಾನು ಬಿಡಲ್ಲ. ಇವತ್ತು ಮೂಗು, ನಾಳೆ ಇನ್ನೇನೋ.”

ಗೋಡೆಯ ಕೈ ಎಡಕಿವಿಗೆ ಹೋಯಿತು. ಬೆರಳು ಪಟ್ಟಿಯೊಳಗೆ ಹೋಗಿ ಅಲ್ಲೇ ನಿಂತಿತು. ಅವಳು ಅಪ್ಪನನ್ನು ನೋಡಿದಳು. ತೆಗೆಯಲಿಲ್ಲ.

ಕೋಚಕ್ಕನೂ ಅವನನ್ನೇ ನೋಡಿದಳು. ಬಾಯಿ ಬಿಟ್ಟವರು ಗೇಟಿನ ಆಚೆ ಎಂಬುದನ್ನು ಅವಳು ಹೇಳಬಹುದಿತ್ತು, ಹೇಳಲಿಲ್ಲ. ಒಂದು ಮಾತು ಬೇಡಿಕೊಂಡಿದ್ದರೆ, ಮಗು ಬೀಳ್ತಾಳೆ ಅಂತ ಕೂಗಿದ್ದಮ್ಮ, ಯಾವ ಅಪ್ಪ ತಾನೇ ಸುಮ್ಮನಿರ್ತಾನೆ ಎಂದಿದ್ದರೆ, ಅವಳು ಬಿಟ್ಟರೂ ಬಿಡುತ್ತಿದ್ದಳು. ಆ ಮಾತು ಸೈರನ್‌ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಮಗಳ ಬೆರಳು ಆ ಪಟ್ಟಿಯೊಳಗೆ ಕಾಯುತ್ತಿರುವುದನ್ನು ನೋಡಿ ಅದನ್ನು ನುಂಗಿದ. ಕಹಿಯಾಗಿತ್ತು, ನುಂಗಿದ.

ಜಾಕೀಟು ಬಿಚ್ಚಿ ಮಡಚಿದ. ಯಾರಿಗೆ ಕೊಡಬೇಕೆಂದು ಸುತ್ತ ನೋಡಿ, ಕ್ಯಾಷಿಯರಮ್ಮನ ಕೈಗಿಟ್ಟ. “ಕಾಲಿಗೆ ಹೊಡಿ ಅಂದಿದ್ರಲ್ಲ,” ಎಂದ. ಆಕೆ ಹಾಕಿಕೊಂಡಳು. ರೆಫರಿ ಹುಡುಗಿಯ ಮುಂದೆ ಒಂದು ಗಳಿಗೆ ನಿಂತ. “ಹೋದ ವಾರದ್ದು ತಪ್ಪಾಯ್ತಮ್ಮ,” ಎಂದ. ಅವಳು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಮಗಳಿಗೆ ಅವನು ಏನೂ ಹೇಳಲಿಲ್ಲ. ಹೇಳಿದ್ದು ಇಷ್ಟು ದಿನದ್ದೇ ಸಾಕಷ್ಟಾಗಿತ್ತು.

ಮೈದಾನದ ಉದ್ದಕ್ಕೂ ನಡೆದು ಗೇಟು ದಾಟುವಾಗ ಅವನು ಹಿಂತಿರುಗಲಿಲ್ಲ. ಹಿಂತಿರುಗಿದರೆ ಆ ಬೆರಳು ಹೊರಗೆ ಬಂದಿತೋ ಇಲ್ಲವೋ ಕಾಣುತ್ತಿತ್ತು. ನೋಡುವ ಧೈರ್ಯ ಅವನಿಗಿರಲಿಲ್ಲ.

ಗೇಟಿನ ಆಚೆ ಆಳೆತ್ತರದ ಕಾಂಪೌಂಡು. ಏನೂ ಕಾಣುವುದಿಲ್ಲ. ಗೇಟಿನ ತಾತ ಸ್ಟೂಲಿನ ಮೇಲೆ ಕೂತು, ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿ ಮಾಡಿಕೊಳ್ಳುತ್ತಿದ್ದ. ಸೈರನ್ ಅವನ ಪಕ್ಕ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತ. ಸೀಟಿ ಕೇಳಿಸಿತು. ಚೆಂಡಿನ ಸದ್ದು, ಬೂಟಿನ ಸದ್ದು, ಹುಡುಗಿಯರ ಸಣ್ಣ ಸಣ್ಣ ದನಿಗಳು. ಇಷ್ಟೇ. ಇನ್ನು ಈ ಸೀಸನ್ ಪೂರ್ತಿ ಶನಿವಾರ ಎಂದರೆ ಇಷ್ಟೇ. ಕಣ್ಣು ಉರಿಯಿತು. ಗಂಡಸು ಬೀದಿಯಲ್ಲಿ ನಿಂತು ಅಳುವುದೇ ಎಂದು ತನ್ನನ್ನೇ ಬೈದುಕೊಂಡು ಅಂಗಿಯ ತೋಳಿಗೆ ಮುಖ ಒರೆಸಿದ.

ಒಳಗೆ ಗದ್ದಲ ಏರಿತು. ಯಾರೋ ಓಡಿದರು, ಯಾರೋ “ಬಂತು ಬಂತು” ಎಂದರು. ಚೆಂಡು ಗೋಲಿನ ಕಡೆಗೆ ಬರುತ್ತಿದೆ ಎಂದು ಅವನಿಗೆ ಬೆನ್ನಿನಿಂದಲೇ ಗೊತ್ತಾಯಿತು.

“ಬಿಡೀ, ನಂದೂ!”

ಅವನು ಬೆಚ್ಚಿಬಿದ್ದ. ಹೊಕ್ಕುಳಿನಿಂದ ಎದ್ದು ಬಂದ ದನಿ. ಕಾಂಪೌಂಡು ದಾಟಿ, ರಸ್ತೆ ದಾಟಿ, ಎದುರಿನ ಮನೆಯ ಕಿಟಕಿಗೆ ಬಡಿಯಿತು. ಮಿಲ್ಲಿನ ಮಗ್ಗದ ಸಾಲನ್ನೂ ಸೀಳಿಕೊಂಡು ಹೋಗುವಂಥ ದನಿ. ಚೆಂಡು ಗ್ಲೌಸಿಗೆ ಬಡಿದ ಸದ್ದು, ಅದರ ಹಿಂದೆ ಚಪ್ಪಾಳೆ. ಮತ್ತೆ ಅದೇ ದನಿ: “ಎಡಕ್ಕೆ ನೋಡೇ! ನಿನ್ನ ಹಿಂದೆ ಇದ್ದಾಳೆ!” ಒಳಗೆ ಅಷ್ಟೂ ಜನ ಅದನ್ನು ಕೇಳುತ್ತಿದ್ದರು. ಅಷ್ಟು ದಿನ ಆ ದನಿ ಎಲ್ಲಿತ್ತು? ಎಲ್ಲಿರುತ್ತದೆ, ಇವನ ದನಿಯ ಕೆಳಗೆ ಬಿದ್ದಿತ್ತು.

ಗೇಟಿನ ತಾತ ಚಪ್ಪಲಿಯಿಂದ ತಲೆ ಎತ್ತದೆಯೇ ಗೊಣಗಿದ. “ಏನ್ ಮಾರಾಯ, ಆಚೆ ಹಾಕಿದ್ರೂ ಶುರು ಮಾಡ್ಕೊಂಡ್ಯಲ್ಲ ನಿನ್ನ ಸೈರನ್ನು!”

“ನಾನಲ್ಲ ತಾತ,” ಎಂದು ಮೆಲ್ಲಗೆ ಹೇಳಿದ. “ನನ್ನ ಮಗಳು.”

ತಾತ ಆಗ ತಲೆ ಎತ್ತಿ, ಕಿವಿಯ ಹಿಂದೆ ಕೈಯಿಟ್ಟು ಅವನ ಕಡೆ ಬಾಗಿದ.

“ಏನಂದೆ? ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಪ್ಪ.”